ಸಿಂಹಗಡ ಇಳಿಯುವಾಗ ಮಾತ್ರ ಸೊಂಟ ನೋವು, ಎಂಆರ್‌ಐನಲ್ಲಿ ಫೆಸೆಟ್ ಕೀಲಿನ ತೊಂದರೆ: ಚಾರಣ ಬಿಡಬೇಕಾ?

ಗಡದ_ಹಾದಿ (ಕೊಥ್ರೂಡ್, ಪುಣೆ):
ನಮಸ್ಕಾರ. ನನಗೆ 54 ವರ್ಷ. ಭಾನುವಾರ ಬಂದರೆ ಸಿಂಹಗಡ ಹತ್ತುವ ಅಭ್ಯಾಸ. ಹತ್ತುವಾಗ ಏನೂ ಇಲ್ಲ. ಇಳಿಯುವಾಗ ಸೊಂಟ ಹಿಡಿದುಕೊಳ್ಳುತ್ತದೆ, ಎರಡೂ ಕಾಲು ಜೋಮು ಹಿಡಿಯುತ್ತವೆ. ಮುಂದಕ್ಕೆ ಬಾಗಿ ಕೂತರೆ ಹೋಗುತ್ತದೆ. ಸೈಕಲ್ ಹೊಡೆದರೆ ನೋವೇ ಬರಲ್ಲ. ಎಂಆರ್‌ಐ ವರದಿಯಲ್ಲಿ ಎಲ್4-ಎಲ್5 ಫೆಸೆಟ್ ಆರ್ಥ್ರೋಪಥಿ, ಟ್ರಾಪಿಸಂ, ಗ್ರೇಡ್ 1 ಲಿಸ್ಥೆಸಿಸ್ ಅಂತ ಬರೆದಿದ್ದಾರೆ. ಬೆಟ್ಟ ಹತ್ತಿ ಹತ್ತಿ ಕೀಲು ಸವೆಸಿಕೊಂಡೆ ಅಂತ ಮನೆಯವರ ವಾದ. ನಿಜವಾ?

ಬೆನ್ನು_ಫಿಸಿಯೋ (ಪಿಂಪ್ರಿ):
ಅಕ್ಕಾ, ಬರೀ ಬೆಟ್ಟವನ್ನು ದೂರಬೇಡಿ. ನಿಮ್ಮ ಕೀಲಿನ ಆಕಾರಕ್ಕೂ ಇದರಲ್ಲಿ ಪಾಲಿದೆ.

ಬೆನ್ನಿನಲ್ಲಿ ಒಂದರ ಮೇಲೊಂದಿರುವ ಎರಡು ಮೂಳೆಗಳನ್ನು ಹಿಂಭಾಗದಲ್ಲಿ ಜೋಡಿಸಲು ಎಡಕ್ಕೊಂದು ಬಲಕ್ಕೊಂದು ಫೆಸೆಟ್ ಕೀಲು ಇರುತ್ತದೆ. ಮೇಲಿನ ಮೂಳೆ ಮುಂದಕ್ಕೆ ಜಾರದಂತೆ ಕೊಕ್ಕೆ ಹಾಕಿದ ಹಾಗೆ ಹಿಡಿಯುವುದು ಇವೇ. ಕೀಲಿನ ಮುಖ ಅಡ್ಡಕ್ಕೆ ತಿರುಗಿದ್ದರೆ ಹಿಡಿತ ಚೆನ್ನಾಗಿರುತ್ತದೆ. ಹಿಂದು-ಮುಂದಾಗಿ ನೇರವಾಗಿದ್ದರೆ ಮೂಳೆ ಮುಂದಕ್ಕೆ ಜಾರಲು ದಾರಿ ಸಿಗುತ್ತದೆ. ವರದಿಯಲ್ಲಿ ಲಿಸ್ಥೆಸಿಸ್ ಅಂದಿರುವುದು ಈ ಜಾರುವಿಕೆಗೇ, ಆರ್ಥ್ರೋಪಥಿ ಅಂದರೆ ಕೀಲಿನ ಸವೆತ. ಟ್ರಾಪಿಸಂ ಅಂದರೆ ಎಡ-ಬಲದ ಕೋನ ಒಂದೇ ಇಲ್ಲ, ಹಾಗಾಗಿ ಎರಡರ ಮೇಲೂ ಸಮನಾಗಿ ಭಾರ ಬೀಳುವುದಿಲ್ಲ.

ಎಲ್4-ಎಲ್5ರಲ್ಲೇ, ಅಂದರೆ ಕೆಳಬೆನ್ನಿನ ನಾಲ್ಕನೇ ಮತ್ತು ಐದನೇ ಮೂಳೆಗಳ ನಡುವೆಯೇ ಯಾಕೆ ಅಂದರೆ, ಎಲ್5 ಸೊಂಟದ ಅಗಲ ಎಲುಬಿಗೆ (ಪೆಲ್ವಿಸ್) ಗಟ್ಟಿ ಅಸ್ಥಿರಜ್ಜುಗಳಿಂದ ಬಿಗಿದಿರುತ್ತದೆ, ಅದರ ಕೆಳಗಿನ ಕೀಲುಗಳೂ ಸಾಮಾನ್ಯವಾಗಿ ಹೆಚ್ಚು ಅಡ್ಡಕ್ಕಿರುತ್ತವೆ. ಅದರ ಮೇಲಿನ ಎಲ್4ಕ್ಕೆ ಆ ಭದ್ರತೆ ಇಲ್ಲ. ವಯಸ್ಸಿನ ಜೊತೆ ಬರುವ ಈ ಥರದ ಜಾರುವಿಕೆ ಜಾಸ್ತಿ ಕಾಣುವುದು ಅಲ್ಲೇ, ಅದೂ 50 ದಾಟಿದ ಹೆಂಗಸರಲ್ಲಿ. ಮೂಳೆಗಳ ನಡುವಿನ ಮೆತ್ತೆ, ಅಂದರೆ ಡಿಸ್ಕ್, ಒಣಗಿ ತೆಳುವಾದಷ್ಟೂ ಭಾರ ಹಿಂದಿನ ಕೀಲುಗಳಿಗೆ ಬರುತ್ತದೆ. ಕೀಲು ಊದುತ್ತದೆ, ಪಕ್ಕದಲ್ಲಿ ಮೂಳೆ ಬೆಳೆಯುತ್ತದೆ, ನರ ಹೋಗುವ ಜಾಗ ಕಿರಿದಾಗುತ್ತದೆ. ಇಳಿಯುವಾಗ ನಾವು ಸ್ವಲ್ಪ ಹಿಂದಕ್ಕೆ ವಾಲುತ್ತೇವೆ ಅಲ್ವಾ, ಆಗ ಆ ಜಾಗ ಇನ್ನೂ ಚಿಕ್ಕದಾಗುತ್ತದೆ. ಹತ್ತುವಾಗಲೂ ಸೈಕಲ್ ಮೇಲೂ ಬಾಗಿರುವುದರಿಂದ ಅದು ತೆರೆದುಕೊಳ್ಳುತ್ತದೆ.

ಸಹ್ಯಾದ್ರಿ_ಸವಾರ (ಔಂಧ್):
ಒಂದು ಅನುಮಾನ. ಆ ಕೋನ ಹುಟ್ಟಿನಿಂದಲೇ ಇರುತ್ತದಾ, ಸವೆದು ಹಾಗಾಗುತ್ತದಾ?

ಬೆನ್ನು_ಫಿಸಿಯೋ:
ತಜ್ಞರಲ್ಲೂ ಇದರ ಬಗ್ಗೆ ಎರಡು ಅಭಿಪ್ರಾಯ ಇದೆ. ಸಂಧಿವಾತದಿಂದ ಕೀಲಿನ ರೂಪ ಬದಲಾಗಿ ಕೋನ ಹಿಂದು-ಮುಂದಾಗಿ ನೇರವಾಗಬಹುದು ಅನ್ನುವವರೂ ಇದ್ದಾರೆ. ನನಗೆ ಎರಡೂ ಸೇರಿರುವಂತೆ ಕಾಣುತ್ತದೆ.

ಗಡದ_ಹಾದಿ:
ಬಹಳ ಥ್ಯಾಂಕ್ಸ್. ಈಗ ಏನು ಮಾಡಲಿ?

ಬೆನ್ನು_ಫಿಸಿಯೋ:
ಎಂಆರ್‌ಐ ಮಲಗಿಸಿ ತೆಗೆಯುತ್ತಾರೆ, ಆಗ ಜಾರುವಿಕೆ ಕಡಿಮೆ ಕಾಣಬಹುದು. ನಿಂತು, ಮುಂದೆ ಬಾಗಿ, ಹಿಂದೆ ಬಾಗಿ ತೆಗೆಯುವ ಎಕ್ಸ್‌ರೇ ಬೇಕಾ ಅಂತ ಮೂಳೆ ಡಾಕ್ಟರರನ್ನು ಕೇಳಿ. ಗ್ರೇಡ್ 1 ಅಂದರೆ ಕೆಳಗಿನ ಮೂಳೆಯ ಅಗಲದ 25% ಒಳಗೆ ಜಾರಿದೆ ಅಂತ. ಅಷ್ಟಕ್ಕೇ ಆಪರೇಷನ್ ಅಂತ ಹೆದರಬೇಡಿ. ಹೊಟ್ಟೆ ಮತ್ತು ಪೃಷ್ಠದ ಸ್ನಾಯು ಗಟ್ಟಿ ಮಾಡುವ ವ್ಯಾಯಾಮವನ್ನು ಎದುರಿಗೆ ನಿಂತು ಹೇಳಿಕೊಡುವವರ ಹತ್ತಿರ ಕಲಿಯಿರಿ. ಹಿಂದಕ್ಕೆ ಬಾಗುವ ಆಸನ ಸದ್ಯಕ್ಕೆ ಬೇಡ. ಡಾಕ್ಟರ್ ಒಪ್ಪಿದರೆ ಗಡ ಹತ್ತಿ, ಇಳಿಯಲು ಜೀಪ್ ಹಿಡಿಯಿರಿ.

ಮೂತ್ರ ಕಟ್ಟಿಕೊಂಡರೆ, ಕೂರುವ ಜಾಗ ಮರಗಟ್ಟಿದರೆ, ಕಾಲು ಎತ್ತಲಾಗದಿದ್ದರೆ ಭಾನುವಾರ, ರಾತ್ರಿ ಅಂತ ನೋಡದೆ ನೇರ ಆಸ್ಪತ್ರೆಗೆ ಹೋಗಿ. ಅಲ್ಲಿ ಒಂದೊಂದು ಗಂಟೆಯೂ ಮುಖ್ಯ.

ಗಡದ_ಹಾದಿ:
ಅಂಥದ್ದೇನೂ ಇಲ್ಲ. ಎಕ್ಸ್‌ರೇ ತೆಗೆಸಿ ಇಲ್ಲೇ ಬರೆಯುತ್ತೇನೆ.