ಚದರ ಅಡಿ ಬಿಡಿ, ಲೀಟರ್ ನೋಡಿ

ಚಿಕ್ಕಮ್ಮ, ಡಿಹ್ಯುಮಿಡಿಫೈಯರ್ (ಗಾಳಿಯ ತೇವ ಎಳೆಯುವ ಮಿಷನ್) ಡಬ್ಬದ ಮೇಲೆ 500 ಚದರ ಅಡಿ ಅಂತ ಇದೆ, ನಮ್ಮ ರೂಮು 12ಕ್ಕೆ 12 ಅಷ್ಟೇ, ಧಾರಾಳವಾಗಿ ಸಾಕಲ್ವಾ ಅಂತ ಕೇಳಿದ್ದೀರಿ. ದುಡ್ಡು ಕೊಡುವ ಮುಂಚೆ ಇದನ್ನು ಪೂರ್ತಿ ಕೇಳಿ, ಸ್ವಲ್ಪ ಉದ್ದ ಆಗುತ್ತದೆ.

ಪರೀಕ್ಷೆಯಲ್ಲಿ ಅಳೆಯುವುದು ದಿನಕ್ಕೆ ಎಷ್ಟು ಲೀಟರ್ ನೀರು ಎಳೆಯುತ್ತದೆ ಅನ್ನುವುದನ್ನು. ಚದರ ಅಡಿ ಆಮೇಲೆ ಕಟ್ಟಿದ ಅಂದಾಜು. ಸೂರು ಮಾಮೂಲಿ ಎತ್ತರ, ಬಾಗಿಲು ಕಿಟಕಿ ಮುಚ್ಚಿದೆ, ತೇವ ತೀರಾ ಜಾಸ್ತಿ ಇಲ್ಲ ಅಂತ ಅಂದುಕೊಂಡು ಹಾಕುವ ಲೆಕ್ಕ ಅದು.

ಲೀಟರ್ ಪಕ್ಕದಲ್ಲೂ ಸಣ್ಣ ಅಕ್ಷರದಲ್ಲಿ ಏನೋ ಇರುತ್ತದೆ, ಅದನ್ನು ಬಿಡಬೇಡಿ. 30 ಡಿಗ್ರಿ, 80% ತೇವಾಂಶ ಅಂತಿದ್ದರೆ ಅದು ಒದ್ದೆ ಗಾಳಿಯಲ್ಲಿ ಬಂದ ಅಂಕಿ. ಅದೇ ಮಿಷನ್ 27 ಡಿಗ್ರಿ, 60%ನಲ್ಲಿ ಹೆಚ್ಚುಕಡಿಮೆ ಅರ್ಧದಷ್ಟೇ ಎಳೆಯಬಹುದು. ಅಮೆರಿಕದಲ್ಲಿ 2019ರಲ್ಲಿ ಪರೀಕ್ಷೆಯ ತಾಪಮಾನವನ್ನು ಸುಮಾರು 27ರಿಂದ 18 ಡಿಗ್ರಿಗೆ ಇಳಿಸಿದರು. 70 ಪೈಂಟ್ (ಅಲ್ಲಿನ ಒಂದು ಪೈಂಟ್ ಅಂದರೆ ಸುಮಾರು ಅರ್ಧ ಲೀಟರ್) ಅಂತ ಮಾರುತ್ತಿದ್ದಂಥ ಮಿಷನ್‌ಗೆ 50 ಪೈಂಟ್ ಅಂತ ಬರೆಯಬೇಕಾಯಿತು. ಒಳಗಿನ ಯಂತ್ರ ಅದೇ!

ಈಗ ನಿಮ್ಮ ರೂಮಿಗೆ ಬರೋಣ. ಸೂರು 10 ಅಡಿ ಅಂದುಕೊಳ್ಳಿ. 30 ಡಿಗ್ರಿ, 80% ತೇವಾಂಶ ಇದ್ದರೂ ಅಷ್ಟೂ ಗಾಳಿಯಲ್ಲಿರುವ ನೀರು ಸುಮಾರು 1 ಲೀಟರ್. ಅದನ್ನು 50%ಗೆ ಇಳಿಸಲು ಅರ್ಧ ಲೀಟರ್ ಕೂಡ ತೆಗೆಯಬೇಕಿಲ್ಲ. ಹಾಗಿದ್ದರೆ ಟ್ಯಾಂಕ್ ದಿನಾ ಯಾಕೆ ತುಂಬುತ್ತದೆ? ನೀರು ಬರುತ್ತಲೇ ಇರುತ್ತದೆ, ಅದಕ್ಕೆ. ಕಿಟಕಿ ಸಂದಿಯಿಂದ, ಒದ್ದೆ ಗೋಡೆಯಿಂದ, ನಮ್ಮ ಉಸಿರಿನಿಂದ. ಒಳಗೆ ಬಟ್ಟೆ ಒಣಹಾಕಿದರಂತೂ ಒಂದು ಸಲದ ಬಟ್ಟೆಯಿಂದಲೇ ಲೀಟರ್‌ಗಟ್ಟಲೆ. ಮಿಷನ್ ಗುದ್ದಾಡುವುದು ಇದರ ಜೊತೆ. ಹಾಗಾಗಿ ಗೋಡೆ ಒಸರುವ ಚಿಕ್ಕ ರೂಮಿಗೆ ಒಣಗಿದ ದೊಡ್ಡ ಹಾಲ್‌ಗಿಂತ ದೊಡ್ಡ ಮಿಷನ್ ಬೇಕಾಗಬಹುದು.

ಕಂಪ್ರೆಸರ್ ಇಲ್ಲದ ಪುಟ್ಟ ಪೆಲ್ಟಿಯರ್ ಮಿಷನ್‌ಗಳ (ಕರೆಂಟು ಹರಿದಾಗ ಒಂದು ಬದಿ ತಣ್ಣಗಾಗುವ ಸಣ್ಣ ಬಿಲ್ಲೆಯಿಂದ ಕೆಲಸ ಮಾಡುವಂಥವು) ಮೇಲೂ ನೂರಾರು ಚದರ ಅಡಿ ಅಂತ ಬರೆದಿರುತ್ತಾರೆ. ಎಳೆಯುವುದು ದಿನಕ್ಕೆ ಕೆಲವು ನೂರು ಮಿಲಿ ಲೀಟರ್, ಅದೂ ಒದ್ದೆ ಗಾಳಿಯಲ್ಲಿ. ಬಟ್ಟೆ ಬೀರುವಿಗೆ ಸರಿ. ರೂಮಿಗೆ ಖಂಡಿತ ಬೇಡ, ಸುಮ್ನೆ ಕರೆಂಟು ದಂಡ.

ಗೋಡೆಗೆ ಹೊರಗಿಂದ ನೀರು ಇಳಿಯುತ್ತಿದ್ದರೆ ಮೊದಲು ಅದನ್ನು ಸರಿಮಾಡಿಸಿ. ಇಲ್ಲದಿದ್ದರೆ ಯಾವ ಮಿಷನ್ ತಂದರೂ ಮುಗ್ಗಲು ವಾಸನೆ ಹೋಗಲ್ಲ.

ಮಿಷನ್ ಹಿಂದೆ ಒಂದು ಸ್ಟಿಕರ್ ಇರುತ್ತದೆ. ಅದರ ಫೋಟೋ, ಆಮೇಲೆ ಒದ್ದೆ ಗೋಡೆಯದೂ ಒಂದು, ಇಲ್ಲೇ ಹಾಕಿ ಚಿಕ್ಕಮ್ಮ. ಎಷ್ಟು ಲೀಟರಿನದು ಬೇಕು ಅಂತ ನೋಡಿ ಹೇಳುತ್ತೇನೆ.