ತಿಳಿನೀರಿನ ತೊರೆಯಲ್ಲಿ ಮೀನೇ ಇಲ್ಲ, ಸುಣ್ಣದಕಲ್ಲು ಹಾಕಿದರೆ ಸಾಕಾ?

ತೊರೆಗೆಳೆಯ:
ನಾವು ಕೆಲವರು ಸೇರಿ ಒಂದು ಬೆಟ್ಟದ ತೊರೆಯನ್ನು ಗಮನಿಸುತ್ತಿದ್ದೇವೆ. ಮೊದಲು ಅಲ್ಲಿದ್ದ ಮೀನುಗಳು ಈಗ ಕಾಣುವುದೇ ಇಲ್ಲ. ಆಮ್ಲಮಳೆಯೇ ಕಾರಣ ಅನ್ನುತ್ತಾರೆ. ಆದರೆ ಬೇಸಿಗೆಯಲ್ಲಿ ಅಳೆದಾಗ ಪಿಎಚ್ (ನೀರಿನ ಆಮ್ಲೀಯತೆ ತೋರಿಸುವ ಅಂಕ, ಇಳಿದಷ್ಟೂ ಆಮ್ಲ ಹೆಚ್ಚು) 6ರ ಹತ್ತಿರ ಬಂತು, ಅದೇನೂ ಅಷ್ಟು ಕೆಟ್ಟದ್ದಲ್ಲ ಅಲ್ವಾ? ಸುಣ್ಣದಕಲ್ಲಿನ ಪುಡಿ ಸುರಿದು, ಬೇರೆ ಕಡೆಯಿಂದ ಮರಿ ತಂದು ಬಿಟ್ಟರೆ ಆಗುತ್ತದಾ?

ನೀರಿನ ಲೆಕ್ಕ:
ಬೇಸಿಗೆಯ ಅಳತೆಯೊಂದನ್ನೇ ನಂಬಬೇಡಿ. ಜೋರು ಮಳೆ ಸುರಿದಾಗ ಅಥವಾ ಹಿಮ ಕರಗುವಾಗ ಅಳೆಯಿರಿ, ಆಗ ಪಿಎಚ್ ಕೆಲವು ದಿನಗಳ ಮಟ್ಟಿಗೆ 5ಕ್ಕಿಂತ ಕೆಳಗೆ ಹೋಗಿಬರಬಹುದು. ಒಂದು ಅಂಕ ಇಳಿದರೆ ಆಮ್ಲ ಹತ್ತು ಪಟ್ಟು ಹೆಚ್ಚಿದ ಹಾಗೆ. 5ರಲ್ಲಿ ಹೆಚ್ಚಿನ ಮೀನುಗಳ ಮೊಟ್ಟೆಯಿಂದ ಮರಿಯೇ ಹೊರಬರುವುದಿಲ್ಲ. ಜೊತೆಗೆ ಆಮ್ಲದ ನೀರು ಮಣ್ಣಿನಲ್ಲಿರುವ ಅಲ್ಯೂಮಿನಿಯಂ ಕರಗಿಸಿಕೊಂಡು ತೊರೆಗೆ ತರುತ್ತದೆ. ಅದು ಕಿವಿರುಗಳಿಗೆ ಅಂಟಿಕೊಂಡರೆ ಮೀನಿನ ಮೈಯೊಳಗಿನ ಉಪ್ಪು ಸೋರಿಹೋಗುತ್ತದೆ, ಉಸಿರೂ ಕಟ್ಟುತ್ತದೆ. ಹಾಗಾಗಿ ಅಲ್ಯೂಮಿನಿಯಂ ಪರೀಕ್ಷೆಯನ್ನೂ ಮಾಡಿಸಿ, ದಯವಿಟ್ಟು.

ಹೊಳೆಬದಿ:
ಸುಣ್ಣದಕಲ್ಲು ಖಂಡಿತ ಕೆಲಸ ಮಾಡುತ್ತದೆ, ಕರಗುತ್ತಾ ನೀರಿನ ಆಮ್ಲ ತಗ್ಗಿಸುತ್ತದೆ, ಆದರೆ ಒಮ್ಮೆ ಹಾಕಿ ಮರೆಯುವಂಥದ್ದಲ್ಲ. ಅಮೆರಿಕದ ವರ್ಜೀನಿಯಾದಲ್ಲಿ ಸೇಂಟ್ ಮೇರೀಸ್ ನದಿಗೆ 1999ರಲ್ಲಿ ಹೆಲಿಕಾಪ್ಟರ್‌ನಿಂದ ಸುಣ್ಣದಕಲ್ಲಿನ ಮರಳು ಸುರಿದರು, ನೀರು ಸುಧಾರಿಸಿತು, ಆದರೆ ಮರಳು ಕರಗುತ್ತಾ ಹೋದಂತೆ 2005ರಲ್ಲಿ, ಆಮೇಲೆ 2013ರಲ್ಲಿ ಮತ್ತೆ ಹಾಕಬೇಕಾಯಿತು. ನಾರ್ವೆಯ ಮಂಡಲ್ ನದಿಗೆ 1997ರಿಂದ ಯಂತ್ರಗಳ ಮೂಲಕ ನಿರಂತರವಾಗಿ ಸುಣ್ಣದಕಲ್ಲಿನ ಪುಡಿ ಸೇರಿಸುತ್ತಿದ್ದಾರೆ, ಅಲ್ಲಿ ಸಾಲ್ಮನ್ ಮೀನುಗಳು ಮತ್ತೆ ಬಂದಿವೆ. ನನಗೆ ಅದು ತುಂಬಾ ಭರವಸೆ ಕೊಟ್ಟ ಸಂಗತಿ.
ಒಂದು ಎಚ್ಚರ: ನಿಮ್ಮದು ಗಣಿಯಿಂದ ಬರುವ ಆಮ್ಲವಾದರೆ ಕಥೆ ಬೇರೆ. ಆ ನೀರಿನ ಕಬ್ಬಿಣ ಕಲ್ಲಿನ ಮೇಲೆ ಪದರವಾಗಿ ಕೂತು ಸುಣ್ಣ ಕರಗದಂತೆ ತಡೆಯುತ್ತದೆ.

ಬೇರುಮಣ್ಣು:
ನನಗೆ ಚಿಂತೆ ಇರುವುದು ಮಣ್ಣಿನದು. ಎಷ್ಟೋ ವರ್ಷಗಳ ಆಮ್ಲಮಳೆ ಮಣ್ಣಿನ ಕ್ಯಾಲ್ಸಿಯಂ ತೊಳೆದುಬಿಟ್ಟಿರುತ್ತದೆ. ಈಗ ಗಾಳಿ ಶುದ್ಧವಾದರೂ ತೊರೆ ತಕ್ಷಣ ಚೇತರಿಸಿಕೊಳ್ಳದಿರುವುದು ಅದಕ್ಕೇ. ಅಮೆರಿಕದ ಹಬರ್ಡ್ ಬ್ರೂಕ್ ಕಾಡಿನಲ್ಲಿ 1999ರಲ್ಲಿ ಒಂದು ಇಡೀ ಜಲಾನಯನಕ್ಕೇ ಕ್ಯಾಲ್ಸಿಯಂ ಖನಿಜ ಹಾಕಿ ನೋಡಿದರು, ಮೇಪಲ್ ಮರಗಳೂ ಸುಧಾರಿಸಿದವು. ನಿಧಾನದ ದಾರಿ, ಖರ್ಚೂ ಜಾಸ್ತಿ, ಆದರೆ ಬೇರಿಗೇ ಮದ್ದು.
ಮರಿ ತರಲು ಅವಸರ ಬೇಡ. ಕೆಳಗಡೆ ಅದೇ ಜಾತಿಯ ಮೀನು ಉಳಿದಿದ್ದು, ನಡುವೆ ಅಡ್ಡಗಟ್ಟೆಯೋ ಜಲಪಾತವೋ ಇಲ್ಲದಿದ್ದರೆ ನೀರು ಸರಿಯಾದ ಮೇಲೆ ಅವೇ ಹತ್ತಿ ಬರಬಹುದು. ಹೊರಗಿನ ಮರಿ ಸುಮ್ನೆ ಬಿಟ್ಟರೆ ಉಳಿದಿರುವ ತಳಿಯೂ ಕಲಬೆರಕೆಯಾಗುತ್ತದೆ. ಮೊದಲು ಕಲ್ಲಿನಡಿಯಲ್ಲಿ ಮೇಫ್ಲೈ ಎಂಬ ಕೀಟದ ಮರಿಹುಳುಗಳು ಬಂದಿವೆಯಾ ನೋಡಿ, ಅವುಗಳಲ್ಲಿ ಹೆಚ್ಚಿನವು ಆಮ್ಲ ತಾಳವು, ಹಾಗಾಗಿ ಬಂದಿದ್ದರೆ ನೀರು ಸುಧಾರಿಸುತ್ತಿದೆ ಅಂತ.

ತೊರೆಗೆಳೆಯ:
ಕೆಳಗೆ ಒಂದು ಹಳೆಯ ಅಡ್ಡಗಟ್ಟೆ ಇದೆ, ಅದರ ಕೆಳಗೆ ಮೀನು ಉಳಿದಿವೆಯಾ ಅಂತ ಮೊದಲು ನೋಡುತ್ತೇವೆ. ಮರಿ ತರುವ ಯೋಚನೆ ಸದ್ಯಕ್ಕೆ ಬಿಟ್ಟೆವು.