ಅನ್ನ ಬಿಟ್ಟರೂ ಅಮ್ಮನ ಶುಗರ್ ಇಳಿದಿಲ್ಲ, ಯಾಕೆ?

ಪ್ರಶ್ನೆ: ಮೇಡಂ, ನಮ್ಮ ಅಮ್ಮನಿಗೆ 58 ವರ್ಷ. ಆರು ವರ್ಷದಿಂದ ಶುಗರ್ ಇದೆ, ಮಾತ್ರೆ ನಡೀತಾ ಇದೆ. ಯಾರೋ ಹೇಳಿದರು ಅಂತ ನಾಲ್ಕು ತಿಂಗಳಿಂದ ಅನ್ನ ಪೂರ್ತಿ ಬಿಟ್ಟಿದ್ದಾರೆ. ಬೆಳಿಗ್ಗೆ ಉಪ್ಪಿಟ್ಟು ಇಲ್ಲವೇ ಶಾವಿಗೆ, ಮಧ್ಯಾಹ್ನ ಚಪಾತಿ, ಸಂಜೆ ಟೀ ಜೊತೆ ರಸ್ಕ್, ರಾತ್ರಿ ರಾಗಿ ಗಂಜಿ. ಆದರೂ ಎರಡು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ, 7.2 ಇದ್ದ ಎಚ್‌ಬಿಎ1ಸಿ ಈಗ 7.8 ಆಗಿದೆ. ತುಂಬಾ ಬೇಜಾರು ಮಾಡಿಕೊಂಡಿದ್ದಾರೆ. ತಪ್ಪು ಎಲ್ಲಾಗುತ್ತಿದೆ?

ಉತ್ತರ (ಆಹಾರ ತಜ್ಞೆ): ಮೊದಲು ಅಮ್ಮನಿಗೆ ಸಮಾಧಾನ ಹೇಳಿ. ದಿನಾ ತಿನ್ನುತ್ತಿದ್ದ ಅನ್ನವನ್ನು ನಾಲ್ಕು ತಿಂಗಳು ಮುಟ್ಟದೆ ಇರುವುದು ಸಣ್ಣ ಮಾತಲ್ಲ. ಆದರೆ ಅನ್ನ ಎದ್ದು ಹೋದ ಜಾಗದಲ್ಲಿ ಬಂದು ಕೂತದ್ದು ಅದರ ಅಣ್ಣತಮ್ಮಂದಿರೇ. ಉಪ್ಪಿಟ್ಟಿನ ಬಿಳಿ ರವೆ ಬೂಸಾ ತೆಗೆದ ಗೋಧಿ. ಅಂಗಡಿ ಶಾವಿಗೆ ಹೆಚ್ಚಾಗಿ ರವೆ ಅಥವಾ ಮೈದಾದ್ದು. ರಸ್ಕ್ ಅಂದರೆ ಮೈದಾ, ಮೇಲೆ ಸಕ್ಕರೆ ಬೇರೆ.

ಕಾಳಿನ ಹೊರಪದರ ಮತ್ತು ಮೊಳಕೆ ಬರುವ ಭಾಗದಲ್ಲೇ ನಾರು, ವಿಟಮಿನ್ ಬಿ1, ಮೆಗ್ನೀಸಿಯಂ ಜಾಸ್ತಿ ಇರುವುದು. ಮಿಲ್ಲಿನಲ್ಲಿ ಅದನ್ನೆಲ್ಲ ತೆಗೆದು ತವುಡು, ಬೂಸಾ ಅಂತ ದನಕ್ಕೆ ಹಾಕುತ್ತೇವೆ. ನಮ್ಮ ತಟ್ಟೆಗೆ ಉಳಿಯುವುದು ಬರೀ ಪಿಷ್ಟ. ತಡೆಯುವ ನಾರು ಇಲ್ಲದ್ದರಿಂದ ಅದು ಬೇಗ ಗ್ಲೂಕೋಸ್ ಆಗಿ ರಕ್ತಕ್ಕೆ ಸೇರುತ್ತದೆ.

ರಾಗಿ ವಿಷಯ ಬೇರೆ. ಅದರ ಸಿಪ್ಪೆ ಹಾಗೆಯೇ ಇರುತ್ತದೆ, ಕ್ಯಾಲ್ಸಿಯಂ ಕೂಡ ಚೆನ್ನಾಗಿದೆ. ಆದರೆ ನುಣ್ಣಗೆ ಬೀಸಿ, ನೀರಾಗಿ ಕುದಿಸಿ ಕುಡಿದರೆ ಹೊಟ್ಟೆಗೆ ಅರೆಯುವ ಕೆಲಸವೇ ಇಲ್ಲ. ಸಕ್ಕರೆ ಸರ್ರನೆ ಏರುತ್ತದೆ. ಗಂಜಿಗಿಂತ ಒಂದು ಸಣ್ಣ ಮುದ್ದೆ, ಜೊತೆಗೆ ಗಟ್ಟಿ ಸೊಪ್ಪಿನ ಸಾರು ವಾಸಿ.

ಉಪ್ಪಿಟ್ಟು ಬೇಕೇ ಬೇಕೆಂದರೆ ಗೋಧಿ ನುಚ್ಚಿನಲ್ಲಿ ಮಾಡಿ, ಅರ್ಧಕ್ಕರ್ಧ ಬೀನ್ಸ್, ಅವರೆಕಾಳು ಹಾಕಿ. ಚಪಾತಿ ಹಿಟ್ಟನ್ನು ಜರಡಿ ಹಿಡಿದು ಬೂಸಾ ಎಸೆಯಬೇಡಿ. ರಸ್ಕ್ ಬದಲು ಒಂದು ಹಿಡಿ ಹುರಿದ ಕಡಲೆ. 7.8 ಆಗಿರುವುದನ್ನು ಡಾಕ್ಟರಿಗೂ ತೋರಿಸಿ, ಎಲ್ಲವೂ ಊಟದಿಂದಲೇ ಆಗಿರಬೇಕೆಂದಿಲ್ಲ.

ಇನ್ನೊಬ್ಬ ಸದಸ್ಯರು: ನಾವು ಉಡುಪಿಯವರು. ಕುಚ್ಚಲಕ್ಕಿ ಅನ್ನ ಎಷ್ಟು ತಿಂದರೂ ತೊಂದರೆ ಇಲ್ಲ ಅಂತಾರೆ, ನಿಜವಾ?

ಉತ್ತರ: ಕುಚ್ಚಲಕ್ಕಿ ಬೆಳ್ತಿಗೆಗಿಂತ (ಕುದಿಸದೆ ಮಿಲ್ ಮಾಡಿದ ಬಿಳಿ ಅಕ್ಕಿಗಿಂತ) ಒಳ್ಳೆಯದು, ಅದರಲ್ಲಿ ಎರಡು ಮಾತಿಲ್ಲ. ಭತ್ತವನ್ನೇ ಬೇಯಿಸುವಾಗ ತವುಡಿನ ಬಿ1 ಅಕ್ಕಿಯೊಳಗೆ ಇಳಿಯುತ್ತದೆ. ಕೆಂಪು ಪದರ ಉಳಿದಿದ್ದರೆ ಇನ್ನೂ ಒಳ್ಳೆಯದು. ಆದರೆ "ಎಷ್ಟು ತಿಂದರೂ" ಅನ್ನುವ ಮಾತು ಒಪ್ಪುವುದಿಲ್ಲ. ಆಹಾರ ಎಷ್ಟು ಬೇಗ ಸಕ್ಕರೆ ಏರಿಸುತ್ತದೆ ಅಂತ ಹೇಳುವ ಗ್ಲೈಸಿಮಿಕ್ ಇಂಡೆಕ್ಸ್‌ನಲ್ಲಿ ಗ್ಲೂಕೋಸ್ 100 ಆದರೆ, ಬಿಳಿ ಅನ್ನ ಸುಮಾರು 73, ತವುಡು ಉಳಿದ ಬ್ರೌನ್ ರೈಸ್ ಸುಮಾರು 68. ಅಂತರ ಅಷ್ಟೇ. ಎರಡು ಪಟ್ಟು ಬಡಿಸಿಕೊಂಡರೆ ಆ ಲಾಭ ಅಲ್ಲೇ ಹೋಯಿತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಮಾರ್ಗಸೂಚಿ ಹೇಳುವುದೂ ಅದನ್ನೇ: ದಿನದ ಕ್ಯಾಲೊರಿಯಲ್ಲಿ ಧಾನ್ಯದ ಪಾಲು ಶೇ 45 ದಾಟಬಾರದು. ನಮ್ಮ ಮನೆಗಳಲ್ಲಿ ತಟ್ಟೆ ತುಂಬ ಅನ್ನ, ಅಂಚಿನಲ್ಲಿ ಚೂರು ಪಲ್ಯ ಇರುತ್ತದಲ್ವಾ, ಅದು ತಿರುಗಬೇಕು.

ಸಿರಿಧಾನ್ಯ ಕೊಳ್ಳುವವರೂ ನೋಡಿಕೊಳ್ಳಿ. ಬಿಳಿಚಿಕೊಂಡ ನವಣೆ, ಸಾಮೆ ಅಂದರೆ ಅದೂ ಪಾಲಿಶ್ ಆದದ್ದೇ.

ಪ್ರಶ್ನೆ ಕೇಳಿದವರು: ಅಮ್ಮನಿಗೆ ಓದಿ ಹೇಳಿದೆ ಮೇಡಂ. "ಹಾಗಾದರೆ ನಾಳೆ ಅನ್ನ ಸಾರು ತಿನ್ನಬಹುದಾ ಕೇಳು" ಅಂತಿದ್ದಾರೆ.

ಉತ್ತರ: ಖಂಡಿತ ತಿನ್ನಲಿ! ಒಂದು ಸಣ್ಣ ಬಟ್ಟಲು. ಮೊದಲು ಕೋಸಂಬರಿ, ಪಲ್ಯ, ಕಾಳು ತಿಂದು ಆಮೇಲೆ ಅನ್ನಕ್ಕೆ ಕೈ ಹಾಕಲಿ. ಹೀಗೆ ಮಾಡಿದರೆ ಸಕ್ಕರೆ ನಿಧಾನ ಏರುತ್ತದೆ. ಊಟ ಆದಮೇಲೆ ಹತ್ತು ಹದಿನೈದು ನಿಮಿಷ ಓಡಾಡಲಿ. ಗ್ಲಿಮೆಪಿರೈಡ್ ಥರದ ಮಾತ್ರೆ ಅಥವಾ ಇನ್ಸುಲಿನ್ ಇದ್ದರೆ ಊಟ ಒಮ್ಮೆಲೇ ಕಡಿಮೆ ಮಾಡಬೇಡಿ, ಶುಗರ್ ಇಳಿದು ಬೆವರು, ನಡುಕ ಬರಬಹುದು. ಮೊದಲು ಡಾಕ್ಟರನ್ನು ಕೇಳಿ.

ಮನೆಯಲ್ಲಿ ಗ್ಲೂಕೋಮೀಟರ್ ಇದ್ದರೆ ಊಟ ಶುರು ಮಾಡಿದ ಎರಡು ಗಂಟೆಗೆ ನೋಡಿ. ಒಂದು ದಿನ ರವೆ ಉಪ್ಪಿಟ್ಟು ತಿಂದು, ಇನ್ನೊಂದು ದಿನ ಈ ರೀತಿ ಅನ್ನ ತಿಂದು. ಸಾಮಾನ್ಯವಾಗಿ 180ರ ಒಳಗಿರಬೇಕು. ಎರಡೂ ಅಂಕಿ ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ.